ಮೇಷ್ಟರು ಸಾಲದ ಊರಿಗೆ ಸಾಲದ ಮೇಷ್ಟರು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಬಿ.ಎಡ್. ಓದಿಸಲು ಬ್ಯಾಂಕಿನಲ್ಲಿ ಸಾಲ ಎತ್ತಿದವರು ಈ ಸಭೆಯಲ್ಲೇ ಇದ್ದೀರಿ. ಅತ್ತ ರಾಯಚೂರು, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಮೇಷ್ಟರು ಸಾಲದ ಶಾಲೆಗಳಿವೆ. "ಅಲ್ಲಿಗೆ ಹೋಗಿ ಪಾಠ ಹೇಳು, ನಿನ್ನ ಸಾಲ ನಾವು ತೀರಿಸುತ್ತೇವೆ" ಎಂದು ಸರ್ಕಾರ ಏಕೆ ಹೇಳಬಾರದು? ಈ ಪ್ರಶ್ನೆಯನ್ನು ನೀವು ನಮ್ಮನ್ನು ಅನೇಕ ಸಲ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ಕೇಳುವ ಮೊದಲು, ಇದನ್ನು ಮಾಡಿ ನೋಡಿದ ದೇಶದಲ್ಲಿ ಏನಾಯಿತೆಂದು ತಿಳಿಯೋಣ. ಆ ದೇಶ ಅಮೆರಿಕ.

1957ರ ಅಕ್ಟೋಬರಿನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಬಂಡವಾಳಶಾಹಿ ಅಮೆರಿಕಕ್ಕೆ ಆಗ ಒಮ್ಮೆಲೇ ಮೇಷ್ಟರ ನೆನಪು ಬಂತು! ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಮಾಡಿದರು. ವಿದ್ಯಾರ್ಥಿಗೆ ವರ್ಷಕ್ಕೆ 1,000 ಡಾಲರ್‌ವರೆಗೆ ಸಾಲ, ಶೇಕಡಾ 3 ಬಡ್ಡಿ. ಓದು ಮುಗಿಸಿ ಸಾರ್ವಜನಿಕ ಶಾಲೆಗೆ ಸೇರಿದರೆ, ದುಡಿದ ಪ್ರತಿ ವರ್ಷಕ್ಕೆ ಸಾಲದ ಹತ್ತರಲ್ಲೊಂದು ಪಾಲು ವಜಾ. ಐದು ವರ್ಷಕ್ಕೆ ಅರ್ಧ ಸಾಲ ಹರಿಯಿತು. 1965ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು: ಬಡ ಮಕ್ಕಳೇ ಹೆಚ್ಚಿರುವ ಶಾಲೆಗೆ ಹೋದವರಿಗೆ ವರ್ಷಕ್ಕೆ ಶೇಕಡಾ 15ರಂತೆ ಪೂರ್ತಿ ಸಾಲವೂ ಮನ್ನಾ. (ಸಾಲ ಬೇಕಾದವರು, ಸರ್ಕಾರ ಉರುಳಿಸುವ ಸಂಘಗಳಲ್ಲಿ ತಮಗೆ ನಂಬಿಕೆಯಿಲ್ಲವೆಂದು ಮೊದಲಿಗೆ ಪ್ರಮಾಣಪತ್ರ ಬರೆದುಕೊಡಬೇಕಿತ್ತು. ಇದನ್ನು ಪ್ರತಿಭಟಿಸಿ 1959ರಲ್ಲಿ ಹಾರ್ವರ್ಡ್, ಯೇಲ್ ವಿಶ್ವವಿದ್ಯಾನಿಲಯಗಳೇ ಯೋಜನೆಯಿಂದ ಹೊರಬಂದವು. 1962ರಲ್ಲಿ ಆ ಷರತ್ತು ಹೋಯಿತು.)

ಅಂಗಡಿ ಖಾತೆ ಬರೆಯುವ ನಿಮಗೆ ಈ ಲೆಕ್ಕ ಒಪ್ಪುತ್ತದೆ. ಬಂದಷ್ಟು ಜಮಾ, ಉಳಿದಷ್ಟು ಬಾಕಿ.

ಆಮೇಲೆ ಬಂದವರು ಈ ಲೆಕ್ಕವನ್ನು ಕೆಡಿಸಿದರು. 1998ರ ಕಾನೂನಿನಿಂದ ಹುಟ್ಟಿದ ಯೋಜನೆಯಲ್ಲಿ, ಬಡವರ ಶಾಲೆಯಲ್ಲಿ ಎಡೆಬಿಡದೆ ಐದು ಪೂರ್ತಿ ವರ್ಷ ದುಡಿಯಬೇಕು. ದುಡಿದರೆ 5,000 ಡಾಲರ್‌ವರೆಗೆ ಮನ್ನಾ. 2004ರ ನಂತರ ಗಣಿತ, ವಿಜ್ಞಾನದವರಿಗೂ ಅಂಗವಿಕಲ ಮಕ್ಕಳಿಗೆ ಕಲಿಸುವವರಿಗೂ 17,500ರವರೆಗೆ. ನಾಲ್ಕು ವರ್ಷ ದುಡಿದು ಬಿಟ್ಟವರಿಗೆ? ಸೊನ್ನೆ. 1972ರ ಗ್ರಾಚ್ಯುಯಿಟಿ ಕಾಯಿದೆಯ ಐದು ವರ್ಷದ ಷರತ್ತನ್ನು ಕಂಡ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದು ತುಂಬುವ ಮುಂಚೆ ಹೊರಬಿದ್ದವನ ಗತಿ ಏನೆಂದು ನಿಮಗೆ ಗೊತ್ತು.

2007ರಲ್ಲಿ ಬಂದದ್ದು ಇದಕ್ಕಿಂತ ಸೋಜಿಗದ್ದು. ಅದರ ಹೆಸರು ಟೀಚ್ ಅನುದಾನ. ಮೇಷ್ಟರಾಗುತ್ತೇನೆಂದು ಒಪ್ಪಿದ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ ಧರ್ಮಾರ್ಥ. ಓದು ಮುಗಿದ ಎಂಟು ವರ್ಷದೊಳಗೆ, ಶಿಕ್ಷಕರ ಕೊರತೆಯಿರುವ ವಿಷಯದಲ್ಲಿ, ಬಡವರ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಬೇಕು. ತಪ್ಪಿದರೆ ಕೊಟ್ಟದ್ದೆಲ್ಲ ಸಾಲವಾಗಿ ತಿರುಗುತ್ತದೆ, ಬಡ್ಡಿಯೂ ಹಣ ಕೊಟ್ಟ ದಿನದಿಂದಲೇ! ನಾವು ಪಾಠ ಹೇಳುತ್ತಿದ್ದೇವೆ ಎಂದು ಮೇಷ್ಟರು ವರ್ಷವರ್ಷವೂ ಕಾಗದ ಕಳಿಸಬೇಕಿತ್ತು. ಕಾಗದ ಒಂದು ದಿನ ತಡವಾಯಿತು, ಒಂದು ರುಜು ಬಿಟ್ಟುಹೋಯಿತು, ಅಷ್ಟಕ್ಕೇ ಅನುದಾನ ಸಾಲವಾಯಿತು. ಬಡ ಮಕ್ಕಳ ಮುಂದೆ ನಿಂತು ಪಾಠ ಹೇಳುತ್ತಿದ್ದವರೇ ಸಾಲಗಾರರಾದರು. ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಅಲ್ಲಿನ ನ್ಯಾಷನಲ್ ಪಬ್ಲಿಕ್ ರೇಡಿಯೋದವರು 2018ರಲ್ಲಿ ಇದನ್ನು ಬಯಲಿಗೆಳೆದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಸರ್ಕಾರ ಸರಿಪಡಿಸಲು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಮನೆಗಳು ಕಂತು ಕಟ್ಟಿ ಬಸವಳಿದಿದ್ದವು.

ಈಗ ನಮ್ಮ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2009ರಲ್ಲಿ ತಂದ ಯೋಜನೆ ಬಡ ವಿದ್ಯಾರ್ಥಿಗಳ ಓದಿನ ಕಾಲದ ಬಡ್ಡಿಯನ್ನು ಹೊತ್ತಿತು. ಅಸಲನ್ನು ಮುಟ್ಟಲಿಲ್ಲ, ಕಲಿತವನು ಯಾವ ಊರಿಗೆ ಹೋದನೆಂದೂ ಕೇಳಲಿಲ್ಲ. ಇನ್ನು ರಾಜ್ಯದ ಶಾಲೆಗಳಲ್ಲಿ ಖಾಲಿ ಹುದ್ದೆ ತುಂಬದೆ, ವರ್ಷವರ್ಷವೂ ಗೌರವಧನದ ಮೇಲೆ ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳುತ್ತಾರೆ. ಹೆಸರೇನೋ ಚೆನ್ನಾಗಿದೆ, ಬೇಸಿಗೆ ಬಂದರೆ ಅತಿಥಿ ಮನೆಗೆ. ಇಂಥವರ ಮುಂದೆ "ಎಡೆಬಿಡದ ಐದು ವರ್ಷ" ಎಂಬ ಷರತ್ತನ್ನು ಇಟ್ಟರೆ ಒಬ್ಬನ ಸಾಲವೂ ತೀರುವುದಿಲ್ಲ. ಎಡೆ ಮಾಡುವವರು ಸರ್ಕಾರದವರೇ, ದಂಡ ತೆರುವವನು ಮಾತ್ರ ಮೇಷ್ಟರು!

ಆದ್ದರಿಂದ ನಾವು ಕೇಳಬೇಕಾದದ್ದು 1958ರ ಲೆಕ್ಕ, 2007ರದ್ದಲ್ಲ. ಕೊರತೆಯ ತಾಲ್ಲೂಕಿನಲ್ಲಿ ದುಡಿದ ಒಂದೊಂದು ವರ್ಷಕ್ಕೂ ಅಸಲಿನಲ್ಲಿ ಇಂತಿಷ್ಟು ಎಂದು ಬ್ಯಾಂಕಿಗೆ ಸರ್ಕಾರವೇ ಕಟ್ಟಬೇಕು. ಅತಿಥಿ ಶಿಕ್ಷಕನ ವರ್ಷವೂ ಲೆಕ್ಕಕ್ಕೆ ಸೇರಬೇಕು. ಹಾಜರಿ ಪುಸ್ತಕ ಇಲಾಖೆಯ ಕೈಯಲ್ಲೇ ಇರುವಾಗ, ಅರ್ಜಿ ಹಿಡಿದು ಕಚೇರಿ ಅಲೆಯುವ ಕೆಲಸ ಮೇಷ್ಟರಿಗೆ ಬೇಡ. ಇಷ್ಟಾದರೂ ಸಾಲಕ್ಕೆ ಹೆದರಿ ಕಾಲೇಜಿನ ಮೆಟ್ಟಿಲನ್ನೇ ಹತ್ತದ ಕೂಲಿಯವನ ಮಗಳಿಗೆ ಇದರಿಂದ ಏನೂ ಸಿಗುವುದಿಲ್ಲ. ಅವಳಿಗೆ ಬೇಕಾದದ್ದು ಪುಕ್ಕಟೆ ಓದು. ಹಾಗೆಯೇ ಖಾಲಿ ಹುದ್ದೆ ತುಂಬುವ ಬೇಡಿಕೆಯನ್ನು ಈ ಬೇಡಿಕೆಗಾಗಿ ಬಿಟ್ಟುಕೊಡುವಂತಿಲ್ಲ.

ಮನವಿಯ ಕರಡು ಪಕ್ಷದ ಕಚೇರಿಯಲ್ಲಿದೆ. ಮನೆಯಲ್ಲಿ ಇಂಥ ಸಾಲವಿರುವವರು ಬ್ಯಾಂಕಿನ ಕಾಗದಗಳನ್ನು ತನ್ನಿ. ಅಸಲೆಷ್ಟು, ಬಡ್ಡಿಯೆಷ್ಟು, ಮಗ ಅಥವಾ ಮಗಳು ಈಗ ಯಾವ ಶಾಲೆಯಲ್ಲಿ ಎಷ್ಟು ಹಣಕ್ಕೆ ದುಡಿಯುತ್ತಿದ್ದಾರೆ, ಇಷ್ಟನ್ನು ಬರೆದುಕೊಂಡು ಮನವಿಯ ಜೊತೆಗೆ ಲಗತ್ತಿಸುತ್ತೇವೆ.