ಕೊಟ್ಟ ಡಬ್ಬಿ ಬರಿದಾಗಿ ಮರಳದಿರಲಿ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮದೇ ಮನೆಯ ಒಂದು ತಪ್ಪನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇವೆ. ಗೃಹಪ್ರವೇಶದಲ್ಲಿ ನಮಗೆ ಬಂದ ಪ್ಲಾಸ್ಟಿಕ್ ಹೂದಾನಿಯೊಂದನ್ನು ಪೆಟ್ಟಿಗೆಯಿಂದ ತೆಗೆಯದೆಯೇ ಬೇರೊಬ್ಬರ ಮದುವೆಗೆ ಕೊಟ್ಟೆವು. ಎರಡು ವರ್ಷ ಕಳೆದ ಮೇಲೆ ಅದೇ ಹೂದಾನಿ ಮೂರನೆಯವರ ಕೈಯಿಂದ ನಮ್ಮ ಮನೆಗೆ ಮರಳಿತು. ಒಳಗೆ ಮೊದಲು ಕೊಟ್ಟವರ ಹೆಸರಿನ ಚೀಟಿಯೂ ಹಾಗೆಯೇ ಇದ್ದಿತು! ಮೊದಲು ನಕ್ಕೆವು, ಆಮೇಲೆ ನಾಚಿದೆವು. ಮುಂಬಯಿಯ ಮೂರು ಮನೆ ಸುತ್ತಿದ ಆ ವಸ್ತು ಒಬ್ಬರಿಗೂ ಬೇಕಾಗಿರಲಿಲ್ಲ.

ನಮ್ಮ ಹಿರಿಯರು ಕೊಡುತ್ತಿದ್ದ ರೀತಿಯೇ ಬೇರೆ. ಮೈಸೂರು ಸೀಮೆಯ ಗೌರಿಹಬ್ಬದ ಮೊರದ ಬಾಗಿನವನ್ನು ನೆನೆಯಿರಿ. ಬಿದಿರಿನ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆಯ ಕಣ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವಾಗಲೂ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ತಿನ್ನುವುದು ಹೊಟ್ಟೆಗೆ, ತೊಡುವುದು ಮೈಗೆ. ಮೊರ ವರ್ಷಗಟ್ಟಲೆ ಅಕ್ಕಿ ಕೇರಿ, ಸವೆದ ಮೇಲೆ ಒಲೆಗೆ. ಈಗ ಬಾಗಿನಕ್ಕೂ ಪ್ಲಾಸ್ಟಿಕ್ ಮೊರ ಬಂದಿದೆ. ಇಲ್ಲಿಯ ಸಂಕ್ರಾಂತಿಯ ಹಳದಿ-ಕುಂಕುಮದಲ್ಲಿ ಎಳ್ಳುಬೆಲ್ಲದ ಜೊತೆಗೆ ಪ್ಲಾಸ್ಟಿಕ್ ಡಬ್ಬಿಗಳು ರಾಶಿ ಬೀಳುತ್ತವೆ. ಸಿಹಿಯ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಆದರೆ ಕಾನೂನು ಬಾಗಿಲವರೆಗೆ ಬಂದೀತು; ಮನೆಯೊಳಗಿನ ರೂಢಿಯನ್ನು ನಾವೇ ತಿದ್ದಬೇಕು.

ಹಾಗಾದರೆ ಎಲ್ಲರಿಗೂ ಬಿದಿರ ಮೊರ ಹಂಚೋಣವೆ? ಬೇಡ. ಎರಡು ಕೋಣೆಯ ಮನೆಯಲ್ಲಿ, ಹಸನು ಮಾಡಿದ ಅಕ್ಕಿಯನ್ನೇ ಕೊಳ್ಳುವವರಿಗೆ ಆ ಮೊರವೂ ಅಟ್ಟದ ವಸ್ತುವೇ. ಉಳಿಸಬೇಕಾದುದು ಮೊರವನ್ನಲ್ಲ, ಪಡೆದವರಿಗೆ ಇದು ಉಪಯೋಗಕ್ಕೆ ಬಂದೀತೆ ಎಂಬ ಯೋಚನೆಯನ್ನು. ಮಗುವಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಕೊಡೋಣ. ಮನೆಯವರಿಗೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕೈಚೀಲ. ಮದುವೆಗಾದರೆ ನಾಲ್ಕು ಮನೆಯವರು ಕೂಡಿ ಒಂದು ನವಲಗುಂದದ ಜಮಖಾನೆ. ನೇಯುವ, ಕಡೆಯುವ ಕೈಗಳಿಗೂ ಅನ್ನವಾದೀತು.

ಇನ್ನು ತಿಂಡಿಯ ಮಾತು. ನಮ್ಮ ಮನೆಗೆ ಊರಿನಿಂದ ಮೆಂತ್ಯದ ಹಿಟ್ಟು ಬರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ನಿಂತಿತು. ಪ್ರಮಾಣವನ್ನು ನಾವು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮುಂದೆ ನಮ್ಮ ಕಟ್ಟಡದಲ್ಲಿರುವ ಧಾರವಾಡದ ಅಜ್ಜಿಯೊಬ್ಬರು ದೀಪಾವಳಿಗೆ ಒಂದು ಸ್ಟೀಲ್ ಡಬ್ಬಿ ಕಳಿಸಿದರು. ಮುಚ್ಚಳ ತೆಗೆದೊಡನೆ ಅಡಿಗೆಮನೆಯೆಲ್ಲ ತಾಯಿಯ ಅಡಿಗೆಮನೆಯಾಯಿತು. ಡಬ್ಬಿಯನ್ನು ಬರಿದಾಗಿ ಮರಳಿಸಬಾರದಲ್ಲವೆ? ಕೋಡುಬಳೆ ತುಂಬಿಕೊಂಡು ಹೋದೆವು, ಕಲಿತುಕೊಂಡು ಬಂದೆವು. ಕಡಲೆಬೇಳೆ, ಉದ್ದಿನಬೇಳೆ, ಗೋಧಿ, ಅಕ್ಕಿ ಇವುಗಳನ್ನು ಬೇರೆಬೇರೆಯಾಗಿ ಹದವಾಗಿ ಹುರಿಯಬೇಕು; ಮೆಂತ್ಯ ಕೊಂಚವೇ, ಹೆಚ್ಚಾದರೆ ಕಹಿ. ಕೊತ್ತಂಬರಿ, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ, ಆರಿದ ಮೇಲೆ ಪುಡಿ ಮಾಡಬೇಕು. ನೀರು ತಾಕದಿದ್ದರೆ ಬಹುದಿನ ಕೆಡದು.

"ಹಬ್ಬದ ಈ ಹೊರೆಯೂ ನಮ್ಮ ತಲೆಗೇ ಬಿತ್ತೆ?" ಎಂದು ಕಚೇರಿಗೆ ಹೋಗುವ ಸಹೋದರಿಯರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಬೇಳೆ ಹುರಿಯಲು ಗಂಡಸರಿಗೂ ಎರಡು ಕೈಗಳಿವೆ. ಬಿಡುವೇ ಇಲ್ಲದವರು ಮನೆಯಲ್ಲಿ ಮಾಡಿ ಮಾರುವ ಸೋದರಿಯರಿಂದ, ಚೌಕಾಸಿ ಮಾಡದೆ ಕೊಳ್ಳಲಿ.

ಸಂಘದವರಲ್ಲಿ ನಮ್ಮ ವಿನಂತಿ ಇಷ್ಟೆ. ಈ ರಾಜ್ಯೋತ್ಸವದಲ್ಲಿ ಅತಿಥಿಗಳಿಗೆ ಹೊಳೆಯುವ ಸ್ಮರಣಿಕೆ ಬೇಡ. ನಮ್ಮ ಮನೆಗಳಲ್ಲಿ ಮಾಡಿದ ತಿಂಡಿಯ ಡಬ್ಬಿ ಇರಲಿ. ಅದರೊಳಗೆ ಮಾಡುವ ವಿಧಾನವನ್ನು ನಮ್ಮ ಮಕ್ಕಳೇ ಕನ್ನಡದಲ್ಲಿ ಬರೆದ ಚೀಟಿ ಇರಲಿ. ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿಯದ ಮಕ್ಕಳು ಅಜ್ಜಿಯ ಬಳಿ ಕುಳಿತು ಕೇಳಿ, ಬರೆಯಲಿ. ಅಕ್ಷರ ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ. ಕೇಳದೆ ಹೋದರೆ ಮಾತ್ರ, ನಮಗಾದಂತೆ, ಒಂದು ದಿನ ಹೇಳುವವರು ಇರುವುದಿಲ್ಲ.