ತಲೆಬುರುಡೆಯನ್ನು ಕೆಡಿಸದೆ ಇಡುವ ಬಗೆ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾವು ವಿಜ್ಞಾನಿಗಳಲ್ಲ. ಮೆಟ್ರಿಕ್‌ವರೆಗೆ ಓದಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ ಬರೆಯುವವರು. ಆದರೂ ಈ ವಿಷಯದ ಮೇಲೆ ಮಾತನಾಡಲು ನಿಂತಿದ್ದೇವೆ. ಕಾರಣ, ಇದರಲ್ಲಿ ನಾವು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ.

ಮೇಜಿನ ಮೇಲೆ ಮೂರು ವಸ್ತುಗಳಿವೆ. ಈ ಡಬ್ಬಿಯಲ್ಲಿರುವುದು ಟಗರಿನ ತಲೆಬುರುಡೆಯ ಚೂರುಗಳು. ಮುಟ್ಟಿದರೆ ಸುಣ್ಣದ ಪುಡಿಯಂತೆ ಉದುರುತ್ತವೆ. ಇದು ಅದೇ ಟಗರಿನ ಕೆಳದವಡೆ, ಗಟ್ಟಿಯಾಗಿದೆ. ಮೂರನೆಯದು ಕಟುಕರ ಅಂಗಡಿಯಿಂದ ತಂದು ನಾವೇ ಸ್ವಚ್ಛ ಮಾಡಿದ ಮೇಕೆಯ ಬುರುಡೆ.

ಟಗರು ನಮ್ಮ ತಂದೆಯವರದು. ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಮರಿಯಿಂದ ಸಾಕಿದ್ದರು. ಮುಪ್ಪಿನಿಂದ ಸತ್ತಾಗ ಹೊಲದ ಬದುವಿನಲ್ಲಿ ಹೂಳಿದರು. ಎರಡು ಮಳೆಗಾಲ ಕಳೆದ ಮೇಲೆ ನೀರಿನ ಕೊಳವೆಗಾಗಿ ಅಗೆಯುವಾಗ ತಲೆಯ ಎಲುಬು ಸಿಕ್ಕಿತು. ಅದನ್ನು ತಂದೆಯವರು ಪಂಜೆಯಲ್ಲಿ ಸುತ್ತಿ, “ಜ್ವಾಪಾನ ಇಟ್ಕೋ, ಹುಡುಗರಿಗೆ ತೋರಸು” ಎಂದು ನಮ್ಮ ಕೈಗೆ ಕೊಟ್ಟರು.

ನಾವು ಜೋಪಾನ ಮಾಡಿದ ರೀತಿ ಕೇಳಿ. ಚಾಳಿಗೆ ಬಂದವರೇ ದೊಡ್ಡ ಪಾತ್ರೆಯಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸಿದೆವು. ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಎರಡು ರಾತ್ರಿ ನೆನೆಸಿದೆವು. ಹಾಲಿನಂತೆ ಬೆಳ್ಳಗಾಯಿತು, ಮನೆಯವರೆಲ್ಲ ಹಿಗ್ಗಿದೆವು. ಕೆಲವು ತಿಂಗಳಲ್ಲಿ ಮೂಗಿನ ಎಲುಬು ಪದರ ಪದರವಾಗಿ ಕಳಚಿತು, ಹಲ್ಲುಗಳು ಸೀಳಿದವು. ತಂದೆಯವರು ಫೋನಿನಲ್ಲಿ, “ತಲಿ ಹೆಂಗೈತಿ?” ಎಂದು ಕೇಳಿದರು. “ಛಲೋ ಐತಿ ಅಪ್ಪಾ” ಎಂದುಬಿಟ್ಟೆವು. ಕೆಳದವಡೆ ಉಳಿದದ್ದು ನಮ್ಮ ಜಾಣತನದಿಂದಲ್ಲ. ಪಾತ್ರೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೆ.

ಹೀಗೇಕಾಯಿತು? ಎಲುಬು ಬರಿಯ ಸುಣ್ಣವಲ್ಲ. ಸುಣ್ಣದ ಲವಣಗಳನ್ನು ಹಿಡಿದಿಡುವ ಕೊಲಾಜನ್ ಎಂಬ ನಾರು ಅದರೊಳಗಿದೆ. ಮೇಕೆಯ ಕಾಲಿನ ಸೂಪು ಆರಿದಾಗ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಅದು ಕುದಿತದಿಂದ ಕರಗಿ ಹೊರಬಂದ ಈ ನಾರೇ. ಕುದಿಸಿದರೆ ಎಲುಬಿನ ಬಲವೇ ಸಾರಿಗೆ ಹೋಗುತ್ತದೆ. ಕೊಬ್ಬು ಮಾತ್ರ ಒಳಕ್ಕೆ ಇಳಿದು ಕೂರುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಉಳಿದ ನಾರನ್ನೂ ತಿನ್ನುತ್ತದೆ. ಗಾರೆ ಹೋದ ಗೋಡೆ ನಿಂತೀತೆ?

ಇನ್ನು ಸರಿಯಾದ ಕ್ರಮ. ಮೊದಲು ಎಚ್ಚರಿಕೆಯ ಮಾತು. ಕಾಡುಪ್ರಾಣಿಯ ಬುರುಡೆ ಕಂಡರೆ ಮನೆಗೆ ತರಬೇಡಿ. ನರಿ, ಜಿಂಕೆ, ಕಡಲಾಮೆ ತಾನಾಗಿ ಸತ್ತಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಸರ್ಕಾರದ ಸೊತ್ತು. ಕೈಗೆ ಬಂದಿದ್ದರೆ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕುರಿ, ಮೇಕೆ, ಕೋಳಿ ನಮಗೆ ಸಾಕು. ಊರಿನಲ್ಲಿ ದನ ಕುರಿ ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಿಯಿಂದ ರಕ್ತ ಬಂದಿದ್ದರೆ ಹತ್ತಿರವೂ ಸುಳಿಯಬೇಡಿ, ಪಶುವೈದ್ಯರಿಗೆ ತಿಳಿಸಿ. ಅದು ಆಂಥ್ರಾಕ್ಸ್ ಎಂಬ ನೆರಡಿ ರೋಗವಿರಬಹುದು. ಅದರ ಬೀಜಾಣು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಯಾವ ಎಲುಬನ್ನೇ ಆಗಲಿ, ರಬ್ಬರಿನ ಕೈಚೀಲ ಹಾಕಿಕೊಂಡೇ ಮುಟ್ಟಿ. ಅಡಿಗೆಯ ಪಾತ್ರೆ ಬಳಸಬೇಡಿ.

ಹಸಿ ತಲೆಯಾದರೆ ಚರ್ಮ, ಕಣ್ಣು, ನಾಲಿಗೆ, ದೊಡ್ಡ ಮಾಂಸ ತೆಗೆಯಿರಿ. ಮಿದುಳನ್ನು ಹಿಂಬದಿಯ ತೂತಿನಿಂದ ಬಗ್ಗಿಸಿದ ತಂತಿಯಲ್ಲಿ ಕಲಕಿ, ನೀರು ಹೊಯ್ದು ತೊಳೆಯಿರಿ. ಆಮೇಲೆ ಮುಚ್ಚಳವಿರುವ ಬಕೆಟ್ಟಿನಲ್ಲಿ ತಣ್ಣೀರಿನಲ್ಲಿ ಮುಳುಗಿಸಿಡಿ. ಕೆಲಸ ಮಾಡುವುದು ನೀರಿನೊಳಗಿನ ಸೂಕ್ಷ್ಮಜೀವಿಗಳು. ಆದ್ದರಿಂದ ನಾಲ್ಕೈದು ದಿನಕ್ಕೊಮ್ಮೆ ಅರ್ಧ ನೀರನ್ನಷ್ಟೆ ಬದಲಿಸಿ. ಸೆಕೆಯ ಊರಿನಲ್ಲಿ ಮೂರು ನಾಲ್ಕು ವಾರ ಸಾಕಾಗುತ್ತದೆ. ಚೆಲ್ಲುವ ನೀರನ್ನು ಬಟ್ಟೆಯಲ್ಲಿ ಸೋಸಿ. ಕಳಚಿದ ಹಲ್ಲು ಮೋರಿಗೆ ಹೋದರೆ ಮತ್ತೆ ಸಿಗದು. ಕೊಂಬಿನ ಹೊರಕವಚ ಸಡಿಲವಾದೊಡನೆ ಕಳಚಿ ಬೇರೆ ಒಣಗಿಸಿ, ಕಡೆಗೆ ತೊಡಿಸಿ.

ವಾಸನೆ ಬರುತ್ತದೆ, ಮುಚ್ಚಿಡುವ ಮಾತಿಲ್ಲ. ಒಂದೇ ನಲ್ಲಿಗೆ ಹತ್ತು ಸಂಸಾರಗಳಿರುವ ಚಾಳಿನಲ್ಲಿ ಇದನ್ನು ಮಾಡಬಾರದು. ಬಾಗಿಲ ಬಳಿ ಬುರುಡೆ ಕಂಡರೆ ಮಾಟವೆಂದು ಹೆದರುವವರೂ ಇದ್ದಾರೆ. ಅಂಥವರು ಊರಿಗೆ ಹೋದಾಗ ತಳದಲ್ಲಿ ತೂತಿರುವ ಕುಂಡದಲ್ಲಿ ಮಣ್ಣಿನ ನಡುವೆ ಹೂತು, ಮೇಲೆ ಕಲ್ಲು ಹೇರಿ ಬನ್ನಿ. ಆರೇಳು ತಿಂಗಳಲ್ಲಿ ಮಣ್ಣೇ ಕೆಲಸ ಮುಗಿಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಡರ್ಮೆಸ್ಟಿಡ್ ಎಂಬ ಹುಳುಗಳಿಂದ ಮಾಂಸ ತಿನ್ನಿಸುತ್ತಾರೆ. ನಮ್ಮ ರೇಷ್ಮೆ ಗೂಡುಗಳನ್ನು ಕೊರೆಯುವುದೂ ಅದೇ ಜಾತಿಯ ಹುಳು. ಮನೆಗೆ ತಂದು ಸೀರೆಗಳಿಗೆ ಗಂಡಾಂತರ ತಂದುಕೊಳ್ಳಬೇಡಿ.

ಮಾಂಸ ಹೋದ ಮೇಲೆ ಕೊಬ್ಬು. ಕೈ ತಾಳುವಷ್ಟು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿ ನೆನೆಹಾಕಿ, ಕದಡಿದಾಗಲೆಲ್ಲ ನೀರು ಬದಲಿಸಿ. ಕೆಲವು ವಾರ ಹಿಡಿಯುತ್ತದೆ. ಒಣಗಿಸಿ ನೋಡಿದಾಗ ಎಣ್ಣೆ ಹೀರಿದ ಕಾಗದದಂಥ ಹಳದಿ ಕಲೆ ಕಂಡರೆ ಕೊಬ್ಬು ಇನ್ನೂ ಇದೆ ಎಂದರ್ಥ. ನಂತರ ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ನೂರಕ್ಕೆ 3ರ ಬಲದ್ದು. 6ರದ್ದಾದರೆ ಸಮಪಾಲು ನೀರು ಬೆರೆಸಿ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದೆರಡು ದಿನ ಇಡಿ. ಅನಿಲ ಹೊರಡುವುದರಿಂದ ಮುಚ್ಚಳ ಬಿಗಿ ಮಾಡಬೇಡಿ. ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಬಿರುಕು ಬಿಡುತ್ತದೆ. ಕೆನೆಯ ಬಣ್ಣ ಬಂದರೆ ತೃಪ್ತಿಪಡಿ. ಹಾಲುಬಿಳುಪಿನ ಆಸೆಯೇ ನಮ್ಮನ್ನು ಕೆಡಿಸಿದ್ದು.

ಇಷ್ಟು ಕಷ್ಟವೇಕೆ ಎನ್ನುವಿರಿ. ಈ ಮೇಕೆಯ ಬುರುಡೆ ನೋಡಿ: ಮೇಲೆ ಮುಂದಿನ ಹಲ್ಲೇ ಇಲ್ಲ, ಗಟ್ಟಿ ವಸಡಿಗೆ ಕೆಳಹಲ್ಲು ಒತ್ತಿ ಸೊಪ್ಪು ಹರಿಯುತ್ತದೆ. ಕಣ್ಣಿನ ಕುಳಿಗಳು ಪಕ್ಕಕ್ಕಿವೆ, ಹಿಂದಿನಿಂದ ಬರುವ ತೋಳವೂ ಕಾಣಲೆಂದು. ಹಳ್ಳಿಯಲ್ಲಿ ಕುರಿ ಕೊಳ್ಳುವವರು ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುತ್ತಾರೆ. ಎಂಟೂ ಬಂದರೆ ಸುಮಾರು ನಾಲ್ಕು ವರ್ಷ. ಚಾಳಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ಓದು ಎಲ್ಲಿ ಸಿಕ್ಕೀತು?

ಕಳೆದ ದಸರೆಗೆ ಕೆಳದವಡೆಯನ್ನು ಈ ಕ್ರಮದಲ್ಲಿ ಸ್ವಚ್ಛ ಮಾಡಿ ಊರಿಗೆ ಒಯ್ದೆವು. ತಂದೆಯವರ ಮುಂದಿಟ್ಟು ನಿಜ ಹೇಳಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಲ್ಲುಗಳ ಮೇಲೆ ಬೆರಳಾಡಿಸಿ, “ಎಂಟೂ ಸವದಾವು ನೋಡು” ಎಂದರು. ಅದು ಹುಟ್ಟಿದ ವರ್ಷ, ತಾಯಿಕುರಿ ತಂದ ಸಂತೆ, ಹೂತ ಜಾಗ ಎಲ್ಲ ಒಂದೊಂದಾಗಿ ಹೇಳಿದರು. ಅಲ್ಲಿಯೇ ಚೀಟಿಯಲ್ಲಿ ಬರೆದುಕೊಂಡೆವು. ಚೂರುಗಳನ್ನು ಎಸೆಯಬೇಡ ಎಂದೂ ಹೇಳಿದರು. ಅದಕ್ಕೇ ಈ ಡಬ್ಬಿ.

ಆದ್ದರಿಂದ ಕಡೆಯ ವಿನಂತಿ: ಏನು ಇಟ್ಟುಕೊಂಡರೂ ಜೊತೆಗೆ ಚೀಟಿ ಬರೆದಿಡಿ. ಯಾವ ಪ್ರಾಣಿ, ಎಲ್ಲಿ, ಯಾವಾಗ ಸಿಕ್ಕಿತು, ಯಾರು ಕೊಟ್ಟರು. ಚೀಟಿ ಇಲ್ಲದ ಬುರುಡೆ ಮುಖಪುಟ ಹರಿದ ಪುಸ್ತಕದಂತೆ. ಹೇಳಬಲ್ಲವರು ಊರಿನಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ.

ಈ ಮೂರೂ ವಸ್ತುಗಳು ಇಂದಿನಿಂದ ವಾಚನಾಲಯದ ಗಾಜಿನ ಕಪಾಟಿನಲ್ಲಿರುತ್ತವೆ. ಮಕ್ಕಳನ್ನು ಕರೆತನ್ನಿ. ಕೀಲಿಕೈ ನಮ್ಮಲ್ಲಿದೆ, ಸಂಜೆ ಗಿರಣಿ ಬಿಟ್ಟ ಮೇಲೆ ಇಲ್ಲೇ ಇರುತ್ತೇವೆ.