ಕಾನೂನು, ನೀತಿ, ನೌಕರಿ
(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮಗೆ ಕೊಟ್ಟಿರೋ ವಿಷಯ ದೊಡ್ಡದು. ‘ವೃತ್ತಿ ಜೀವನದಲ್ಲಿ ನೀತಿ, ವೃತ್ತಿನಿಷ್ಠೆ ಮತ್ತು ಕಾನೂನು’ ಅಂತ ಕರಪತ್ರದಲ್ಲಿ ಹಾಕಿದ್ದಾರೆ. ನಿಮ್ಮಲ್ಲಿ ಕೆಲವರು ಸರ್ಕಾರಿ ಪರೀಕ್ಷೆಗಳಿಗೆ ಓದ್ತಾ ಇದ್ದೀರಿ. 2013ರಿಂದ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಈ ವಿಷಯಕ್ಕೇ ಒಂದು ಪೇಪರು ಇಟ್ಟಿದ್ದಾರೆ, 250 ಅಂಕ. ಗೈಡುಗಳಿವೆ, ಕೋಚಿಂಗ್ ಇದೆ. ಮೂರಕ್ಕೂ ಮೂರು ವ್ಯಾಖ್ಯೆ ಬಾಯಿಪಾಠ ಮಾಡಿದರೆ ಅಂಕ ಬರುತ್ತೆ. ನಾವು ವ್ಯಾಖ್ಯೆ ಹೇಳೋಕೆ ಬಂದಿಲ್ಲ. ಒಂದು ಥರ್ಮಾಮೀಟರಿನ ಕತೆ ಹೇಳ್ತೀವಿ. ಕತೆ ಅಂದರೆ ಕಟ್ಟುಕತೆ ಅಲ್ಲ, ನಡೆದದ್ದು.

1929ನೇ ಇಸವಿ. ಗುಜರಾತಿನ ಕಾಠಿಯಾವಾಡದ ಒಂದು ಹಳ್ಳಿ. ಅಲ್ಲಿ ನಮ್ಮ ಜನದ ಒಬ್ಬ ಶಾಲಾ ಮೇಷ್ಟ್ರು. ಅವನ ಹೆಂಡತಿಗೆ ಐದನೇ ತಾರೀಖು ಹೆರಿಗೆ ಆಯಿತು. ಏಳನೇ ತಾರೀಖು ಭೇದಿ ಶುರುವಾಯಿತು, ಎದೆ ಬಾತುಕೊಂಡಿತು, ಉಸಿರಾಡೋಕೆ ಕಷ್ಟ, ಪಕ್ಕೆಲುಬಿನ ಹತ್ತಿರ ನೋವು. ಮೇಷ್ಟ್ರು ಡಾಕ್ಟರ ಹತ್ತಿರ ಓಡಿದ. ಡಾಕ್ಟರು ‘ನಿಮ್ಮ ಕೇರಿಗೆ ನಾನು ಬರೋಲ್ಲ’ ಅಂದ. ಮಗುವನ್ನು ನೋಡೋಕೂ ಒಪ್ಪಲಿಲ್ಲ. ಮೇಷ್ಟ್ರು ಊರಿನ ನಗರಶೇಟ್, ದರಬಾರದವರು, ಎಲ್ಲರ ಬಾಗಿಲಿಗೂ ಹೋಗಿ ಕೈಮುಗಿದ. ಶೇಟ್ ಎರಡು ರೂಪಾಯಿ ಫೀಸಿಗೆ ಜಾಮೀನು ನಿಂತ. ಆಮೇಲೆ ಡಾಕ್ಟರು ಬಂದ. ಬಂದದ್ದೂ ಒಂದು ಷರತ್ತಿನ ಮೇಲೆ: ಕೇರಿಯ ಹೊರಗೆ ಕರಕೊಂಡು ಬಂದರೆ ಮಾತ್ರ ನೋಡುತ್ತೇನೆ.

ಬಾಣಂತಿಗೆ ಗಾಳಿ ತಾಗಬಾರದು ಅಂತ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಬಾಗಿಲು ಸಂದಿನಲ್ಲೂ ಗೋಣಿ ತುರುಕುತ್ತಾರೆ ನಮ್ಮ ಅವ್ವಂದಿರು. ಹೆತ್ತು ನಾಕು ದಿನ ತುಂಬದ ಆ ಹೆಣ್ಣು ಮಗಳನ್ನು, ಹಸುಗೂಸಿನ ಸಮೇತ, ಗಂಡನೇ ಎಬ್ಬಿಸಿ ಕೇರಿ ಹೊರಗೆ ತಂದು ಕೂರಿಸಿದ. ರಾತ್ರಿ ಎಂಟು ಗಂಟೆ. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನಿಗೆ ಕೊಟ್ಟ. ಗಂಡ ಹೆಂಡತಿಗೆ ಕೊಟ್ಟ. ಜ್ವರ ಏರಿದ ಮೇಲೆ ಅದು ಬಂದ ದಾರಿಯಲ್ಲೇ ವಾಪಸು ಹೋಯಿತು. ಡಾಕ್ಟರು ದೀಪದ ಬೆಳಕಿನಲ್ಲಿ ಅದನ್ನು ನೋಡಿ ‘ನ್ಯೂಮೋನಿಯಾ’ ಅಂದ. ಹೋದ. ಔಷಧಿ ಕಳಿಸಿದ. ಮೇಷ್ಟ್ರು ಬಜಾರಿನಿಂದ ಅಗಸೆ ಬೀಜ ತಂದು ತನಗೆ ತಿಳಿದ ಉಪಚಾರ ಮಾಡಿದ. ಎರಡನೇ ಸಲ ಡಾಕ್ಟರು ಬರಲಿಲ್ಲ. ಎರಡು ರೂಪಾಯಿ ಕೊಟ್ಟಿದ್ದರೂ ಬರಲಿಲ್ಲ. ಆಕೆ ತೀರಿಹೋದಳು.

ಆ ಮೇಷ್ಟ್ರು ಬರೆದ ಕಾಗದ 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಬಾಬಾಸಾಹೇಬರು ಆ ಕಾಗದವನ್ನು ತಮ್ಮ ‘ವೇಯ್ಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ತೆಗೆದುಕೊಂಡಿದ್ದಾರೆ. ಅವರು ಅಲ್ಲಿ ಎತ್ತಿ ತೋರಿಸೋದು ಕ್ರೌರ್ಯವನ್ನು ಮಾತ್ರ ಅಲ್ಲ. ಸತ್ತವಳು ಒಬ್ಬ ಮೇಷ್ಟ್ರ ಹೆಂಡತಿ, ಕೊಂದವನು ಓದಿದ ಡಾಕ್ಟರು. ತನ್ನ ವೃತ್ತಿ ತನಗೆ ಹಾಕಿದ ಕಟ್ಟುಪಾಡನ್ನು ಮುರಿಯೋಕೆ ಆ ಮನುಷ್ಯನಿಗೆ ಮನಸ್ಸಾಕ್ಷಿ ಚುಚ್ಚಲೇ ಇಲ್ಲವಲ್ಲ, ಅದನ್ನು ಅವರು ಎತ್ತಿ ಹೇಳುತ್ತಾರೆ.

ಈಗ ಲೆಕ್ಕ ಹಾಕೋಣ. ಆ ಡಾಕ್ಟರು ಕಾನೂನು ಮುರಿದನೇ? ಇಲ್ಲ. ಅಸ್ಪೃಶ್ಯತೆ ಆಚರಿಸೋದು ಅಪರಾಧ ಅಂತ ಆಗ ಈ ದೇಶದಲ್ಲಿ ಕಾನೂನು ಇರಲಿಲ್ಲ. ಪೊಲೀಸು ಕರೆಸಿದ್ದರೂ ‘ಏನು ತಪ್ಪು’ ಅಂತಿದ್ದರು. ಅವನು ಅನೀತಿವಂತನೇ? ಅವನ ಊರನ್ನು ಕೇಳಿ. ಅವನ ಹೆಂಡತಿ, ತಾಯಿ, ನೆರೆಯವರನ್ನು ಕೇಳಿ. ಮೈಲಿಗೆ ಮಾಡಿಕೊಳ್ಳದೆ ಉಪಕಾರ ಮಾಡಿ ಬಂದ ಪುಣ್ಯಾತ್ಮ ಅಂತಾರೆ. ಕೇರಿಗೆ ನುಗ್ಗಿ ಬಾಣಂತಿಯ ನಾಡಿ ಹಿಡಿದಿದ್ದರೆ ಆಗ ಅವನು ನೀತಿಗೆಟ್ಟವನು, ಸ್ನಾನ ಮಾಡಿ ಒಳಗೆ ಬರಬೇಕಾದವನು. ಅಂದರೆ ಊರ ನೀತಿಯೂ ಅವನ ಕಡೆ, ಕಾನೂನೂ ಅವನ ಕಡೆ. ಅವನು ಮುರಿದದ್ದು ಮೂರನೆಯದನ್ನು. ರೋಗಿ ಅಂದಮೇಲೆ ರೋಗಿ, ಮುಟ್ಟದೆ ರೋಗ ಗೊತ್ತಾಗೋಲ್ಲ ಅನ್ನೋದು ಅವನ ಕಸುಬೇ ಅವನಿಗೆ ಕಲಿಸಿದ ಪಾಠ. ಅದನ್ನು ಕಲಿಯೋಕೆ ಅವನು ಹೆಣ ಕೊಯ್ದಿರಬೇಕು. ಆ ಹೆಣದ ಜಾತಿ ಯಾವುದೋ! ಸತ್ತವರನ್ನು ಮುಟ್ಟಿ ಕಲಿತ ವಿದ್ಯೆ ಬದುಕಿದ್ದವಳನ್ನು ಮುಟ್ಟಲಿಲ್ಲ.

ಇಲ್ಲಿ ಒಂದು ಮಾತು. ಈ ಮೂರನೆಯದಕ್ಕೆ ಪತ್ರಿಕೆಯವರು, ಮೇಷ್ಟ್ರುಗಳು ‘ವೃತ್ತಿಧರ್ಮ’ ಅಂತಾರೆ. ನಮಗೆ ಆ ಪದ ಗಂಟಲಲ್ಲಿ ಇಳಿಯೋಲ್ಲ. ನಮ್ಮ ತಾತ ಮುತ್ತಾತಂದಿರಿಗೂ ವೃತ್ತಿಧರ್ಮ ಇತ್ತು. ಸತ್ತ ದನ ಹೊರೋದು, ತಮಟೆ ಬಡಿಯೋದು, ಊರಿಗೆ ಸಾವಿನ ಸುದ್ದಿ ಮುಟ್ಟಿಸೋದು, ಕುಳವಾಡಿಕೆ, ತೋಟಿತನ. ಮಾಡದಿದ್ದರೆ ಧರ್ಮ ಕೆಡುತ್ತೆ ಅಂತ ಬಾರುಕೋಲು ಹಿಡಿದು ಹೇಳೋರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡೋ ಕಾಯಿದೆ ಬಂದದ್ದೇ 1961ರಲ್ಲಿ. ಹುಟ್ಟಿನಿಂದ ಅಂಟಿಸಿದ ಕೆಲಸದ ಧರ್ಮವೇ ಬೇರೆ, ತಾನು ಓದಿ ಆರಿಸಿಕೊಂಡು ‘ಇದನ್ನು ನೆಟ್ಟಗೆ ಮಾಡ್ತೀನಿ’ ಅಂತ ಒಪ್ಪಿಕೊಂಡ ಕೆಲಸದ ನಿಷ್ಠೆಯೇ ಬೇರೆ. ಅದಕ್ಕೇ ನಾವು ವೃತ್ತಿನಿಷ್ಠೆ ಅಂತೀವಿ.

ಸರಿ, ಕಾನೂನು ಬಂತು. 1950ರಲ್ಲಿ ಸಂವಿಧಾನದ 17ನೇ ವಿಧಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಅದನ್ನೇ 1976ರಲ್ಲಿ ಬಿಗಿ ಮಾಡಿ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಅಂತ ಹೆಸರು ಬದಲಾಯಿಸಿದರು. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿದ್ದರೂ, ಸೇರಿಸಿಕೊಂಡ ಮೇಲೆ ಭೇದ ಮಾಡಿದರೂ ಈಗ ಸಜೆ ಇದೆ. ಹಾಸ್ಟೆಲಿಗೂ ಅದೇ ಕಲಮು ಅನ್ವಯ, ನೆನಪಿಟ್ಟುಕೊಳ್ಳಿ. ಆ ಕಾಠಿಯಾವಾಡದ ಡಾಕ್ಟರು ಇವತ್ತು ಇದ್ದಿದ್ದರೆ ಅವನ ಮೇಲೆ ಕೇಸು ಹಾಕಬಹುದು. ಆದರೆ ಅವನು ಜಾಣನಾಗಿದ್ದರೆ? ‘ಬರೋಲ್ಲ’ ಅನ್ನೋಲ್ಲ. ಬರ್ತಾನೆ, ತಡವಾಗಿ. ಮುಟ್ತಾನೆ, ಬೆರಳ ತುದಿಯಿಂದ. ಚೀಟಿ ಬರೆದು ದೂರದಿಂದ ಎಸೀತಾನೆ. ಯಾವ ಕಲಮಿಗೂ ಸಿಕ್ಕೋಲ್ಲ. ಕಾನೂನು ಡಾಕ್ಟರನ್ನು ಬಾಗಿಲವರೆಗೆ ಎಳೆದುಕೊಂಡು ಬರಬಹುದು. ಸ್ಟೆತಾಸ್ಕೋಪನ್ನು ಸರಿಯಾದ ಜಾಗಕ್ಕೆ ಇಟ್ಟು ಸರಿಯಾಗಿ ಕೇಳಿಸಿಕೋ ಅಂತ ಹೇಳೋಕೆ ಕಾನೂನಿಗೆ ಕಿವಿ ಇಲ್ಲ.

ಹಾಗಂತ ಕಾನೂನಿನಿಂದ ಏನೂ ಆಗೋಲ್ಲ ಅನ್ನೋರ ಜೊತೆ ನಾವಿಲ್ಲ. ಹೊಟ್ಟೆ ತುಂಬಿದೋರು ಆಡೋ ಮಾತು ಅದು. ‘ಮನಸ್ಸು ಬದಲಾಗಬೇಕು ಕಣಪ್ಪಾ, ಕಾಯಿದೆಯಿಂದ ಏನಾಗುತ್ತೆ’ ಅಂತ ಊರ ಯಜಮಾನರು ಹೇಳೋದು ಯಾವಾಗ? ನಾವು ಠಾಣೆ ಕಡೆ ಹೊರಟಾಗ. 1989ರ ದೌರ್ಜನ್ಯ ತಡೆ ಕಾಯಿದೆಯ ನಾಲ್ಕನೇ ಕಲಮು ಓದಿ. ಕರ್ತವ್ಯದಲ್ಲಿ ಬೇಕೆಂದೇ ಅಲಕ್ಷ್ಯ ಮಾಡಿದ ಸರ್ಕಾರಿ ನೌಕರನಿಗೇ ಆರು ತಿಂಗಳಿಂದ ಒಂದು ವರ್ಷ ಸಜೆ. ಆ ಕರ್ತವ್ಯ ಏನೇನು ಅಂತ 2015ರ ತಿದ್ದುಪಡಿಯಲ್ಲಿ ಬಿಡಿಸಿ ಬರೆದರು. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಸಹಿ ಹಾಕಿಸೋ ಮುಂಚೆ ಓದಿ ಹೇಳಬೇಕು. ಎಫ್‌ಐಆರ್ ಹಾಕಬೇಕು. ಅದರ ನಕಲು ಕೂಡಲೇ ಕೊಡಬೇಕು. ಅರವತ್ತು ದಿನದೊಳಗೆ ತನಿಖೆ ಮುಗಿಸಿ ಚಾರ್ಜ್‌ಷೀಟ್ ಹಾಕಬೇಕು. ನೋಡಿ, ಇದೆಲ್ಲ ಒಬ್ಬ ನಿಯತ್ತಿನ ಪೊಲೀಸ್ ಅಧಿಕಾರಿ ಯಾರೂ ಹೇಳದೆ ಮಾಡಬೇಕಾದ ಕೆಲಸ. ಹೆಬ್ಬೆಟ್ಟು ಒತ್ತೋ ಮುದುಕಿಗೆ ಅವಳದೇ ದೂರನ್ನು ಓದಿ ಹೇಳು ಅನ್ನೋಕೂ ಪಾರ್ಲಿಮೆಂಟು ಕಾಯಿದೆ ಮಾಡಬೇಕಾಯಿತು. ವೃತ್ತಿನಿಷ್ಠೆ ಸತ್ತ ಜಾಗದಲ್ಲಿ ಕಾನೂನು ಬಂದು ಕೂತಿದೆ. ಅದರಲ್ಲೂ ಒಂದು ಕಿಂಡಿ ಬಿಟ್ಟಿದ್ದಾರೆ: ಆ ನೌಕರನ ಮೇಲೆ ಕೇಸು ಹಾಕಬೇಕಾದರೆ ಮೊದಲು ಇಲಾಖಾ ವಿಚಾರಣೆಯ ಶಿಫಾರಸು ಬೇಕು.

ವಕೀಲರ ವಿಷಯ. ಇಲ್ಲಿ ಊರ ನೀತಿ ಮತ್ತು ವೃತ್ತಿನಿಷ್ಠೆ ಮುಖಾಮುಖಿ ಆಗುತ್ತವೆ. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಅಂತ ಒಬ್ಬರು ‘ಸಮಾಜ ಸ್ವಾಸ್ಥ್ಯ’ ಅನ್ನೋ ಪತ್ರಿಕೆಯಲ್ಲಿ ಕುಟುಂಬ ಯೋಜನೆ, ಗಂಡು ಹೆಣ್ಣಿನ ದೇಹದ ವಿಚಾರ ಬರೀತಿದ್ದರು. ಅಶ್ಲೀಲ ಅಂತ ಅವರ ಮೇಲೆ ಮೊಕದ್ದಮೆ ಆಯಿತು. ಮಡಿವಂತರು ಥೂ ಅಂತಿದ್ದ ಆ ಕೇಸನ್ನು 1934ರಲ್ಲಿ ಹಿಡಿದು ವಾದ ಮಾಡಿದವರು ಬಾಬಾಸಾಹೇಬರು. ಕೇಸು ಸೋತರು. ಸೋತರೂ ಸರಿ, ಅಸಹ್ಯ ಅಂತ ಊರು ದೂರ ತಳ್ಳಿದ ಮನುಷ್ಯನ ಪಕ್ಕ ನಿಂತು ಮಾತಾಡೋದೇ ವಕೀಲಿ ಅಂತ ತೋರಿಸಿಕೊಟ್ಟರು. ದೂರ ತಳ್ಳಿಸಿಕೊಂಡವರಿಗೆ ಅದು ಬೇಗ ಅರ್ಥ ಆಗುತ್ತೆ ಅಂತ ಕಾಣುತ್ತೆ. ಈಗಲೂ ಕೆಲವು ವಕೀಲರ ಸಂಘಗಳು ‘ಇಂಥವನ ಪರ ಯಾರೂ ವಕಾಲತ್ತು ಹಾಕಬಾರದು’ ಅಂತ ಠರಾವು ಮಾಡೋದುಂಟು. ಅದು ವಕೀಲಿಯ ನಿಯಮಕ್ಕೇ ವಿರುದ್ಧ ಅಂತ 2010ರಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. 1927ರ ಡಿಸೆಂಬರಿನಲ್ಲಿ ಮಹಾಡದ ಕೆರೆ ನೀರು ಮುಟ್ಟಲು ಸಾವಿರಾರು ಜನ ಎದ್ದು ನಿಂತಿದ್ದಾಗ ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದರು. ಆ ಆಜ್ಞೆ ಅನ್ಯಾಯದ್ದು ಅಂತ ಬಾಬಾಸಾಹೇಬರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಸಿಟ್ಟಿನಲ್ಲಿದ್ದ ಜನರನ್ನು ಒಪ್ಪಿಸಿ ಸತ್ಯಾಗ್ರಹ ಮುಂದಕ್ಕೆ ಹಾಕಿದರು. ಆ ಸಮ್ಮೇಳನದಲ್ಲೇ ಮನುಸ್ಮೃತಿ ಸುಟ್ಟರು. ಕೆರೆಯ ಕೇಸನ್ನು ಕೋರ್ಟಿನಲ್ಲೇ ನಡೆಸಿದರು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಹತ್ತು ವರ್ಷ! ನಾವಾಗಿದ್ದರೆ ಅಷ್ಟು ತಡೆದುಕೊಳ್ಳುತ್ತಿದ್ದೆವೋ ಇಲ್ಲವೋ. ಊರ ನೀತಿಯನ್ನು ಸುಟ್ಟ ಕೈಯೇ ಕೋರ್ಟಿನ ಕಾಗದಕ್ಕೆ ಕಾದಿತ್ತು, ಅಷ್ಟನ್ನು ಗಮನಿಸಿ.

ನಿಮ್ಮಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು ಬಹಳ ಜನ ಇದ್ದೀರಿ. ನಾಳೆ ಪುರಸಭೆಯಲ್ಲಿ ಕಿರಿಯ ಎಂಜಿನಿಯರ್ ಆಗ್ತೀರಿ. ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ 1993ರಲ್ಲಿ ಬಂತು, 2013ರಲ್ಲಿ ಇನ್ನೊಂದು ಬಂತು. ರಕ್ಷಣಾ ಸಾಮಗ್ರಿ ಇಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲವೇ ಎರಡು ವರ್ಷದವರೆಗೆ ಸಜೆ ಇದೆ. ಗುಂಡಿಯಲ್ಲಿ ಸತ್ತವರಿಗೆ ಹತ್ತು ಲಕ್ಷ ಕೊಡಿ ಅಂತ 2014ರಲ್ಲಿ, ಮೂವತ್ತು ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನಿಗೆ ಬರ ಇಲ್ಲ. ಆದರೂ ಗುಂಡಿಗೆ ಇಳಿಯೋರು ಇಳಿಯುತ್ತಿದ್ದಾರೆ, ಸಾಯೋರು ಸಾಯುತ್ತಿದ್ದಾರೆ, ಅವರು ಯಾವ ಕೇರಿಯವರು ಅಂತ ನಿಮಗೆ ಹೇಳಬೇಕಿಲ್ಲ. ಫೈಲಿನಲ್ಲಿ ‘ಸುರಕ್ಷಾ ಸಾಮಗ್ರಿ ವಿತರಿಸಲಾಗಿದೆ’ ಅಂತ ಇರುತ್ತೆ. ಗುತ್ತಿಗೆದಾರ ಇಳಿಸಿದ, ನಾವಲ್ಲ ಅಂತ ಇರುತ್ತೆ. ಕೆಳಗೆ ಒಂದು ಸಹಿ. ಆ ಸಹಿ ನಿಮ್ಮದಾಗಿದ್ದರೆ? ‘ಯಂತ್ರ ಬರೋವರೆಗೂ ಯಾರನ್ನೂ ಇಳಿಸೋಲ್ಲ’ ಅಂತ ಒಂದು ಸಾಲು ಬರೆದು ಮೇಲಕ್ಕೆ ಕಳಿಸಿದರೆ ವರ್ಗ ಆಗಬಹುದು, ‘ಮೀಸಲಾತಿಯೋನು, ಕೆಲಸ ಗೊತ್ತಿಲ್ಲ’ ಅಂತಲೂ ಅನ್ನಬಹುದು. ಅನ್ನೇ ಅಂತಾರೆ. ಅದನ್ನು ತಡೆದುಕೊಳ್ಳೋ ಶಕ್ತಿ ಯಾವ ಕಾನೂನು ಪುಸ್ತಕದಲ್ಲೂ ಸಿಗೋಲ್ಲ.

ಇಷ್ಟು ಹೊತ್ತೂ ಬೇರೆಯವರ ಮಾತು ಆಡಿದೆವು. ನಮ್ಮದನ್ನೂ ಹೇಳದಿದ್ದರೆ ತಪ್ಪಾಗುತ್ತೆ.

ನಾವು ಹಾಸ್ಟೆಲಿನಲ್ಲಿ ಇದ್ದಾಗ ಹಬ್ಬ ಬಂದರೆ ಅರ್ಧಕ್ಕರ್ಧ ಹುಡುಗರು ಊರಿಗೆ ಹೋಗೋರು. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಉಂಡಿರುತ್ತಿದ್ದರು. ಊರಿಗೆ ಹೋದವರ ಹೆಸರಿನ ಮುಂದೆ ಸಹಿ ಹಾಕುತ್ತಿದ್ದವರು ನಾವು, ದೊಡ್ಡ ಹುಡುಗರು. ಅದಕ್ಕೆ ನಮಗೆ ಒಂದು ಸೌಟು ಗಟ್ಟಿ ಸಾರು, ಯಾವಾಗಲಾದರೂ ಒಂದು ಸಿನಿಮಾ. ವಾರ್ಡನ್ನು ನಮ್ಮವರೇ. ಬಾಬಾಸಾಹೇಬರ ಪಟಕ್ಕೆ ಏಪ್ರಿಲ್ 14ಕ್ಕೆ ದೊಡ್ಡ ಹಾರ ತರೋರು, ಚೆನ್ನಾಗಿ ಮಾತಾಡೋರು. ಆಡಿಟ್ ಬಂದರೆ ಒಂದು ಪೈಸೆ ಆಚೀಚೆ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಸುಳ್ಳು ದಾಖಲೆ, ಅಪರಾಧವೇ. ಹಿಡಿಯೋರು ಇರಲಿಲ್ಲ ಅಷ್ಟೆ. ನಮ್ಮ ನೀತಿ ಏನು ಹೇಳಿತು ಗೊತ್ತೇ? ‘ನಮ್ಮೋನು ಒಬ್ಬ ಕುರ್ಚಿ ಮೇಲೆ ಕೂತಿದ್ದಾನೆ, ಬಿಟ್ಟುಕೊಡಬಾರದು. ಮೇಲ್ಜಾತಿಯೋರು ಲಕ್ಷ ಲಕ್ಷ ತಿಂದಾಗ ಯಾರು ಕೇಳಿದರು?’ ಆ ಪ್ರಶ್ನೆ ಸುಳ್ಳಲ್ಲ. ಅದಕ್ಕೇ ನಾವು ಬಾಯಿ ಮುಚ್ಚಿಕೊಂಡೆವು.

ಒಂದು ರಾತ್ರಿ ಹೊಸದಾಗಿ ಸೇರಿದ್ದ ಐದನೇ ಕ್ಲಾಸಿನ ಹುಡುಗ ತಟ್ಟೆ ಹಿಡಿದು ಎರಡನೇ ಸಲ ಅಡಿಗೆಯವನ ಮುಂದೆ ನಿಂತ. ಮುದ್ದೆ ಮುಗಿದಿತ್ತು. ಅಡಿಗೆಯವನು ಅವನ ಮೇಲೆ ಸಿಟ್ಟು ಮಾಡಲಿಲ್ಲ. ನಮ್ಮ ಕಡೆ ಕೈ ತೋರಿಸಿ, ‘ಅಲ್ಲಿ ಕೂತವ್ರಲ್ಲ ನಿಮ್ಮಣ್ಣಂದಿರು, ಅವ್ರನ್ನ ಕೇಳು. ಊರಿಗೆ ಹೋದೋರ ಪಾಲಿನದಕ್ಕೆಲ್ಲ ಅವ್ರೇ ರುಜು ಹಾಕವ್ರೆ’ ಅಂದ. ಹುಡುಗನಿಗೆ ಅರ್ಥ ಆಗಲಿಲ್ಲ. ತಟ್ಟೆ ಹಿಡಕೊಂಡು ನಮ್ಮ ಹತ್ತಿರ ಬಂದು, ‘ಅಣ್ಣಾ, ಇನ್ನರ್ಧ ಮುದ್ದೆ ಇದ್ಯಂತಾ?’ ಅಂತ ಕೇಳಿದ.

ನಾವು ತಲೆ ಎತ್ತಲಿಲ್ಲ.